ಕಾಠ್ಮಂಡುವಿನ ಹತ್ತು ಹೆಜ್ಜೆ

ಮೋಸ ಹೋಗುವ ಭಯ ನನಗೆ ಅಷ್ಟಾಗಿ ಇರಲಿಲ್ಲ. ಮೋಸ ಹೋದದ್ದು ಊರಿಗೆ ಗೊತ್ತಾಗುವ ಭಯ ಇತ್ತು. ಅದು ಹತ್ತಿಕೊಂಡದ್ದು ಒಂದು ಕೈಗಡಿಯಾರದಿಂದ. ನೌಕರಿ ಸೇರಿದ ಹೊಸತರಲ್ಲಿ ಮುಂಬಯಿ ನೋಡಲು ಹೋಗಿದ್ದೆ. ಬಂದರಿನ ಹತ್ತಿರ ಒಬ್ಬ ಅಂಗಿಯ ತೋಳು ಮೇಲೆತ್ತಿ, ಮೊಣಕೈತನಕ ಕಟ್ಟಿಕೊಂಡಿದ್ದ ಏಳೆಂಟು ವಾಚು ತೋರಿಸಿದ. ಫಾರಿನ್ ಮಾಲು ಅಂದ. ಒಂದನ್ನು ಕೊಂಡೆ. ಅದು ಸೊಲ್ಲಾಪುರದ ತನಕ ನಡೆಯಿತು, ಅಲ್ಲಿ ನಿಂತದ್ದು ಮತ್ತೆ ನಡೆಯಲಿಲ್ಲ. ಇಳಕಲ್ಲಿಗೆ ಬಂದು ಈ ಕಥೆಯನ್ನು ನಾನೇ ಬಾಯಿಬಿಟ್ಟು ಹೇಳಿದ್ದು ಎರಡನೆಯ ತಪ್ಪು. ಮುಂದೆ ಎಷ್ಟೋ ವರ್ಷ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಗೆಳೆಯರು ನನ್ನನ್ನು ಕಂಡ ಕೂಡಲೇ, "ಸೊಲ್ಲಾಪುರದಾಗ ಈಗ ಎಷ್ಟ ಗಂಟೆ ಆಗೇತಲೇ?" ಅಂತ ಕೇಳುತ್ತಿದ್ದರು.

ಕುಳಿತಲ್ಲಿ ಕೂಡುವ ಜಾಯಮಾನ ಮೊದಲೇ ನನ್ನದಲ್ಲ. ಬಾಗಲಕೋಟೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟೊಡನೆ ಅವ್ವನನ್ನು ನೋಡಲು ಇಳಕಲ್ಲಿನ ಬಸ್ಸು ಹಿಡಿಯುತ್ತಿದ್ದೆ. ಹುನಗುಂದದಲ್ಲಿ ಬಸ್ಸು ಚಹಾಕ್ಕೆ ನಿಂತರೆ ನಾನು ಇಳಿಯುವುದು, ಬಿಟ್ಟುಹೋದೀತು ಅಂತ ಹತ್ತುವುದು, ಕಂಡಕ್ಟರ್ ಇನ್ನೂ ಬೀಡಿ ಸೇದುತ್ತಿರುವುದು ಕಂಡು ಮತ್ತೆ ಇಳಿಯುವುದು. ಚಹಾ ಕುಡಿದದ್ದು ಮಾತ್ರ ನೆನಪಿಲ್ಲ.

ಅಪ್ಪ ತೀರಿದಾಗ ನಾನು ಮ್ಯಾಟ್ರಿಕ್‌ನಲ್ಲಿದ್ದೆ. ಅಂದಿನಿಂದ ಅವ್ವ ನೇಕಾರರ ಮನೆಗಳಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ರಾಟಿಯಲ್ಲಿ ಸುತ್ತಿಕೊಟ್ಟು ನನ್ನನ್ನು ಓದಿಸಿದ್ದಳು. ನನಗೆ ಸಂಬಳ ಬರತೊಡಗಿದ ಮೇಲೂ ರಾಟಿ ಬಿಡಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಶನಿವಾರ, ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಾಗ, ಆಕೆ ರೊಟ್ಟಿ ಬಡಿಯುತ್ತಲೇ ಅಂದಳು:

"ನಾ ನೇಪಾಳಕ್ಕ ಹೋಗ್ತೇನಿ."

ಓಣಿಯಲ್ಲಿದ್ದ ನಿವೃತ್ತ ಮಾಸ್ತರರು ಮೂವತ್ತು ಜನರನ್ನು ಕೂಡಿಸಿ ಕಾಶಿ, ಅಲ್ಲಿಂದ ಕಾಠ್ಮಂಡು ಅಂತ ಪ್ರವಾಸ ಹೊರಡಿಸಿದ್ದರು. ಪಾಸ್‌ಪೋರ್ಟು ಬೇಕಿಲ್ಲದ ಪರದೇಶ ಅಂದರೆ ಅದೊಂದೇ. ನಾನು ನಕ್ಕೆ.

"ಕೊರಳಾಗ ಲಿಂಗ ಐತಿ. ನಿನಗ ಪಶುಪತಿನಾಥ ಯಾಕ ಬೇಕಬೇ?"

"ಪಶುಪತಿನಾಥಗಂತ ಯಾರ ಹೋಗ್ತಾರ? ಹುಟ್ಟಿದಾಗಿಂದ ಕೃಷ್ಣಾ ಹೊಳಿ ಒಂದ ದಾಟೇನಿ. ಒಮ್ಮೆ ದೇಶ ದಾಟಿ ನೋಡ್ತೇನಿ."

ಆಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿ ಒಂದು ಷರತ್ತು ಹೇಳಿದಳು. ರೊಕ್ಕ ಆಕೆಯದೇ, ಕಂಡಿಕೆಯದು. ಖರ್ಚೂ ಆಕೆಯದೇ. "ನನಗಂತ ಒಂದ ಸಾಮಾನು, ನನ್ನ ಕೈಲೆ ತಗೊಂಡ ಬರ್ತೇನಿ. ಸಣ್ಣದಿರಲಿ ದೊಡ್ಡದಿರಲಿ. ನೀ ನಡುವ ಬಾಯಿ ಹಾಕಬಾರದು." ಅವ್ವ ಅಲ್ಲಿಯತನಕ ತನಗೆಂದು ಏನನ್ನೂ ಕೊಂಡವಳಲ್ಲ ಎಂಬುದು ಆ ಮಾತಿನಿಂದಲೇ ನನಗೆ ಹೊಳೆಯಿತು. ಆಕೆಯ ಸೀರೆಗಳೆಲ್ಲ ಮೊದಲು ಅಪ್ಪ ತಂದವು, ಆಮೇಲೆ ಸೋದರಮಾವ ತಂದವು, ಈಗ ನಾನು ತಂದವು. ಆಯಿತು ಅಂತ ಒಪ್ಪಿದೆ. ಒಬ್ಬಳನ್ನೇ ಕಳಿಸುವುದಾಗದು ಅಂತ ನಾನೂ ರಜೆ ಹಾಕಿದೆ.

ಹೊರಡಲು ಇನ್ನೂ ಒಂದು ತಿಂಗಳಿತ್ತು. ಅಷ್ಟೂ ದಿನ ನನಗೆ ನೆಮ್ಮದಿ ಇರಲಿಲ್ಲ. ನೇಪಾಳ ನೋಡಿ ಬಂದವರು ಯಾರೆಂದು ಹುಡುಕಿ ಹುಡುಕಿ ಕೇಳಿದೆ. ಬಾಗಲಕೋಟೆಯ ಒಬ್ಬ ಅರಿವೆ ವ್ಯಾಪಾರಿ ತನ್ನ ಗಾದಿಯ ಮೇಲೆ ಕೂರಿಸಿಕೊಂಡು ಅರ್ಧ ದಿನ ಬೋಧಿಸಿದ. ಬೆಲೆ ಹೇಳಿದರೆ ಮೊದಲು ಯಾವ ರೂಪಾಯಿ ಅಂತ ಕೇಳಬೇಕು, ಅಲ್ಲಿ ನಮ್ಮ ರೂಪಾಯಿಯೂ ನಡೆಯುತ್ತದೆ, ಅವರದೂ ನಡೆಯುತ್ತದೆ, ನಮ್ಮದು ತೂಕದ್ದು. ಗುಡಿಯ ಮುಂದೆ ಸಿಹಿಯಾಗಿ ಹಿಂದಿ ಮಾತಾಡುವವನ ಬೆನ್ನು ಹತ್ತಬಾರದು. ಏಕಮುಖಿ ರುದ್ರಾಕ್ಷಿ ಅಂದವನಿಗೆ ಕೈಮುಗಿದು ಮುಂದೆ ಹೋಗಬೇಕು. ಫಾರಿನ್ ಛತ್ರಿ, ಟಾರ್ಚು ಹೆಚ್ಚು ಕೊಂಡರೆ ಗಡಿಯಲ್ಲಿ ಜಕಾತಿಯವರು ಕಸಿಯುತ್ತಾರೆ. ಎಲ್ಲಕ್ಕಿಂತ ಮೊದಲಿನದು, ಸಾಮಾನಿಗೆ ಕೈ ಹಚ್ಚುವ ಮೊದಲು ಎಷ್ಟು ಅಂತ ಕೇಳಬೇಕು. ಕೈ ಹಚ್ಚಿದೆಯೋ, ಕೆಟ್ಟೆ.

"ಅವಾ ಹೇಳಿದ್ದರ ಅರ್ಧಾ ಕೇಳು," ಅಂದ ವ್ಯಾಪಾರಿ. "ಕೊಡಲಿಲ್ಲಂದ್ರ ಹೊಳ್ಳಿ ನೋಡದ ಹತ್ತು ಹೆಜ್ಜಿ ನಡಿ. ಹತ್ತರೊಳಗ ಕರೀತಾನ."

"ಕರೀಲಿಲ್ಲಂದ್ರ?"

"ಕರೀಲಿಲ್ಲಂದ್ರ ಅವಾ ಹೇಳಿದ್ದು ಖರೆ ಬೆಲಿ ಅಂತ ತಿಳಿ. ಸುಮ್ನ ಹೊಳ್ಳಿ ಬಂದು ತಗೋ."

ಅವನ ಮಾತನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೊನೆಯ ಮಾತನ್ನು ಬರೆದುಕೊಳ್ಳಲಿಲ್ಲ, ಅದು ಉಪಯೋಗಕ್ಕೆ ಬಂದೀತು ಅನಿಸಲಿಲ್ಲ. ಮನೆಗೆ ಬಂದು ಅವ್ವನಿಗೆ ಓದಿ ಹೇಳಿದೆ. ಆಕೆ ಗುರೆಳ್ಳು ಹುರಿಯುತ್ತ ಎಲ್ಲಾ ಕೇಳಿಸಿಕೊಂಡು, "ಊರು ನೋಡಾಕ ಹೊಂಟೀವೋ, ಕಳ್ಳರನ ಹಿಡ್ಯಾಕೋ?" ಅಂದಳು.

ಹೊರಡುವ ಬೆಳಿಗ್ಗೆ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಓಣಿಯೇ ನೆರೆದಿತ್ತು. ಕಡಕ್ ರೊಟ್ಟಿಯ ಗಂಟುಗಳು, ಶೇಂಗಾ ಹಿಂಡಿಯ ಡಬ್ಬಿಗಳು, ಹಾಸಿಗೆ ಸುರುಳಿಗಳು ಬಸ್ಸಿನ ನೆತ್ತಿ ಏರುತ್ತಿದ್ದವು. ದೂರದ ಪ್ರವಾಸಕ್ಕೆ ಹೊರಟ ಹೆಣ್ಣುಮಕ್ಕಳನ್ನು ನಮ್ಮ ಕಡೆ ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಓಣಿಯ ಹೆಂಗಸರು ತಟ್ಟೆ ಹಿಡಿದು ಸಾಲಾಗಿ ಬಂದರು. ಹೊರಟವರು ಒಬ್ಬೊಬ್ಬರಾಗಿ ಸೆರಗು ಒಡ್ಡಿದರು. ಅಕ್ಕಿ, ಕುಬಸದ ಖಣ, ತೆಂಗಿನಕಾಯಿ, ಉತ್ತತ್ತಿ ಬಿದ್ದವು. ಸಾಲು ಅವ್ವನ ಹತ್ತಿರ ಬಂದಾಗ ಸ್ವಲ್ಪ ಬಳಸಿಕೊಂಡು ಮಾಸ್ತರರ ಹೆಂಡತಿಯ ಕಡೆ ಹೋಯಿತು. ಯಾರೂ ಏನೂ ಅನ್ನಲಿಲ್ಲ, ಯಾರ ಮುಖದಲ್ಲೂ ಕೆಟ್ಟತನವಿರಲಿಲ್ಲ. ಗಂಡನಿಲ್ಲದವಳಿಗೆ ಉಡಿ ತುಂಬುವ ಪದ್ಧತಿ ಇಲ್ಲ, ಅಷ್ಟೇ. ಬಸವಣ್ಣನನ್ನು ನಂಬಿದ ಓಣಿ ನಮ್ಮದು, ಹೆಣ್ಣು ಗಂಡು ಮೇಲು ಕೀಳು ಇಲ್ಲವೆಂದು ದಿನಾ ಬಾಯಲ್ಲಿ ಹೇಳುವವರು. ಆದರೂ ಆ ತಟ್ಟೆ ಬಳಸಿಕೊಂಡೇ ಹೋಗುತ್ತಿತ್ತು. ಅವ್ವ ಮೊದಲೇ ಉಳಿದವರ ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಕೈ ಖಾಲಿ ಇಲ್ಲದವರಿಗೆ ಯಾರೂ ಏನೂ ಕೊಡಬೇಕಾಗುವುದಿಲ್ಲ. ನಾನು ಇದನ್ನು ನೋಡಿದೆ. ನೋಡಿ, ಬಸ್ಸಿನ ವೇಳೆ ಕೇಳಲು ಕಂಟ್ರೋಲರ್ ಹತ್ತಿರ ಹೋದೆ.

ಬಾಗಲಕೋಟೆಯಲ್ಲಿ ಮೀಟರ್‌ಗೇಜಿನ ರೈಲು ಹಿಡಿದೆವು, ಸೊಲ್ಲಾಪುರದಲ್ಲಿ ದೊಡ್ಡ ರೈಲಿಗೆ ಬದಲಾಯಿಸಿದೆವು. ಸೊಲ್ಲಾಪುರದ ಪ್ಲಾಟ್‌ಫಾರಂ ಮೇಲೆ ಮಾಸ್ತರರು ಗಂಭೀರವಾಗಿ ಗಡಿಯಾರ ನೋಡಿ ನನಗೆ ವೇಳೆ ಹೇಳಿದಾಗ ಎಲ್ಲರೂ ನಕ್ಕರು, ಅವ್ವನೂ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ನನಗೆ ಮೈ ಉರಿಯಿತು. ಈ ಸಲ ಒಬ್ಬನೂ ನನ್ನನ್ನು ಆಡಿಕೊಳ್ಳುವಂತಾಗಬಾರದು ಅಂತ ಅಲ್ಲೇ ನಿರ್ಧಾರ ಮಾಡಿದೆ.

ಕಾಶಿ ಮುಗಿಸಿ ಗಡಿಯ ಊರಿಗೆ ಬಂದಾಗ ಜನಜಂಗುಳಿ ನೋಡಿ ನನಗೆ ಇನ್ನಷ್ಟು ಗಾಬರಿ. ಟಾಂಗಾದವರು, ರೊಕ್ಕ ಬದಲಿಸುವವರು, ಕೂಲಿಗಳು ಮುತ್ತಿಕೊಂಡರು. ಅವ್ವ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ರೊಕ್ಕದ ಸಂಚಿಯನ್ನು ಕೇಳಿದೆ.

"ಇಲ್ಲಿ ಕಳ್ಳರು ಭಾಳ. ನನ್ನ ಹತ್ರ ಇರಲಿ ಕೊಡು."

ಆಕೆ ನನ್ನ ಮುಖ ನೋಡಿದಳು. ಷರತ್ತು ಇಬ್ಬರಿಗೂ ನೆನಪಿತ್ತು. "ಕೇಳಿದಾಗ ಕೊಡಬೇಕು ಮತ್ತ," ಅಂತ ಸಂಚಿ ತೆಗೆದುಕೊಟ್ಟಳು.

"ಕೊಡ್ತೇನಿ," ಅಂದೆ.

ಟಾಂಗಾದಲ್ಲಿ ಕೂತೇ ಪರದೇಶಕ್ಕೆ ಹೋದೆವು. ಒಂದು ಕಮಾನು ದಾಟಿತು, ಮಾಸ್ತರರು ಇದೇ ನೇಪಾಳ ಅಂದರು. ಅವ್ವ ಟಾಂಗಾ ನಿಲ್ಲಿಸಿ, ಇಳಿದು, ಆ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಮತ್ತೆ ಹತ್ತಿದಳು. ನಿಂತದ್ದಕ್ಕೆ ಟಾಂಗಾದವನು ಹೆಚ್ಚು ಕೇಳುತ್ತಾನೇನೋ ಅಂತ ನಾನು ಅವನನ್ನೇ ನೋಡುತ್ತಿದ್ದೆ.

ಕಾಠ್ಮಂಡುವಿನಲ್ಲಿ ನಾವಿದ್ದದ್ದು ಎರಡು ದಿನ ಮತ್ತು ಒಂದು ಬೆಳಗು. ಇಳಿದುಕೊಂಡ ಧರ್ಮಶಾಲೆಯ ಗೋಡೆ ಗಡಿಯಾರ ನಮ್ಮದಕ್ಕಿಂತ ಹತ್ತು ನಿಮಿಷ ಮುಂದಿತ್ತು. ನಾನು ಹೋಗಿ ಅಲ್ಲಿಯ ಮ್ಯಾನೇಜರನ ಜೊತೆ ಜಗಳ ತೆಗೆದೆ, ಹತ್ತು ನಿಮಿಷ ಮೊದಲೇ ಖೋಲಿ ಖಾಲಿ ಮಾಡಿಸುವ ಹಂಚಿಕೆ ಇದು ಅಂತ. ಆ ದೇಶದ ವೇಳೆಯೇ ಹಾಗೆ ಎಂದು ಆತ ತಿಳಿಸಿ ಹೇಳಲು ಮತ್ತೆ ಹತ್ತು ನಿಮಿಷ ಹಿಡಿಯಿತು. ಗುಡಿಯ ಮುಂದೆ ಹೂವಿನ ಬುಟ್ಟಿಯವಳ ಜೊತೆ ಜಗಳಾಡಿದೆ. ಚಪ್ಪಲಿ ಕಾಯುವವನ ಜೊತೆ ಜಗಳಾಡಿದೆ. ಎಲ್ಲರೂ ಒಳಗೆ ಹೋಗಿ ಕೈಮುಗಿದು ಬಂದರು, ನಾನು ಹೊರಗೆ ಚಪ್ಪಲಿ ಎಣಿಸುತ್ತ ನಿಂತೆ. ಬೆಟ್ಟದ ಹಿಂದೆ ಹಿಮ ಕಾಣುತ್ತದೆ ಬಾ ಅಂತ ಅವ್ವ ಒಂದು ಬೆಳಿಗ್ಗೆ ಮಾಳಿಗೆಯ ಮೇಲಿಂದ ಕರೆದಳು. ನಾನು ಟ್ರಂಕುಗಳ ಕೀಲಿ ನೋಡುತ್ತಿದ್ದೆ, ಮೇಲೆ ಹೋಗುವಷ್ಟರಲ್ಲಿ ಮೋಡ ಮುಚ್ಚಿತ್ತು. ಇವತ್ತಿಗೂ ಕಾಠ್ಮಂಡು ಅಂದರೆ ನನಗೆ ಕಾಣುವುದು ಜನರ ಕೈಗಳು, ನನ್ನ ಕಡೆ ಚಾಚಿದವು.

ಕೊನೆಯ ದಿನ ಹತ್ತು ಗಂಟೆಗೆ ಬಸ್ಸು. ಅದಕ್ಕೆ ಮೊದಲು ಹಳೆಯ ಪೇಟೆಗೆ ಹೋಗಿಬರೋಣ ಅಂತ ಏಳೆಂಟು ಜನ ಹೊರಟೆವು. ಅಂಗಡಿಗಳು ಆಗಷ್ಟೇ ತೆರೆಯುತ್ತಿದ್ದವು. ಅವ್ವ ಇನ್ನೂ ಏನನ್ನೂ ಕೊಂಡಿರಲಿಲ್ಲ. ದಾರಿಯಲ್ಲಿ ಎರಡು ಸಲ ಕೇಳಿದಳು, "ಸಂಚಿ ತಂದೀಯಲ್ಲೋ?" ಎರಡು ಸಲವೂ ನಾನು ಕಿಸೆ ಮುಟ್ಟಿ ತೋರಿಸಿದೆ. ಒಂದು ಛತ್ರಿಯ ಅಂಗಡಿಯಲ್ಲಿ ನಾನು ನಿಂತೆ. ಅವ್ವ ಎದುರಿನ ಅರಿವೆಯ ಅಂಗಡಿಗೆ ಹೋದಳು. ಅದು ಒಬ್ಬ ಹೆಂಗಸಿನ ಅಂಗಡಿ, ನೆಲಕ್ಕಿಂತ ಒಂದು ಮೆಟ್ಟಿಲು ಎತ್ತರದ ಹಲಿಗೆ, ಅದರ ಮೇಲೆ ಕೆಂಪು ಕಪ್ಪು ಬಣ್ಣದ ನೇಯ್ದ ತುಂಡುಗಳು. ನಾನು ಛತ್ರಿ ಬಿಚ್ಚಿ ಮುಚ್ಚಿ ನೋಡುತ್ತ ನಡುನಡುವೆ ಅತ್ತ ಕಣ್ಣು ಹಾಯಿಸುತ್ತಿದ್ದೆ. ಅವ್ವ ಒಂದು ತುಂಡನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಹೊಳ್ಳಿಸಿ ಹಿಂಬದಿ ನೋಡಿ, ಅಂಚಿನ ಎಳೆ ಎಣಿಸುತ್ತಿದ್ದಳು. ಇಳಕಲ್ಲಿನಲ್ಲಿ ಅರಿವೆ ನೋಡುವುದೇ ಹಾಗೆ. ಅಂಗಡಿಯವಳಿಗೆ ಅದು ತಿಳಿಯಿತೇನೋ. ತಾನೂ ಒಂದು ಎಳೆ ತೋರಿಸಿದಳು. ಒಬ್ಬರ ಮಾತು ಒಬ್ಬರಿಗೆ ಬರುತ್ತಿರಲಿಲ್ಲ. ಆದರೂ ಇಬ್ಬರೂ ಮಾತಾಡುತ್ತಿದ್ದರು, ಗೋಣು ಹಾಕುತ್ತಿದ್ದರು, ಒಮ್ಮೆ ನಕ್ಕರು.

ಆಮೇಲೆ ಅಂಗಡಿಯವಳು ಆ ತುಂಡನ್ನು ಮಡಿಚಿದಳು. ಬೆಳಗಿನ ಪೂಜೆ ಮಾಡಿದ್ದಳೆಂದು ಕಾಣುತ್ತದೆ, ಹಿಂದಿನ ಗೂಡಿನಿಂದ ಒಂದು ಕಿತ್ತಳೆ ಹಣ್ಣು, ಒಂದು ಚೆಂಡುಹೂವು ತೆಗೆದು ಮಡಿಕೆಯ ಮೇಲಿಟ್ಟು, ಎರಡೂ ಕೈಯಿಂದ ಅವ್ವನ ಮುಂದೆ ಹಿಡಿದಳು. ಬಹುಶಃ ಅದು ಆ ದಿನದ ಮೊದಲ ಬೋಣಿಗೆ. ಅವ್ವ ಆ ಹಣ್ಣು, ಹೂವು ನೋಡಿದಳು. ಆಮೇಲೆ ಸೆರಗಿನ ಎರಡು ತುದಿ ಹಿಡಿದು ಒಡ್ಡಿದಳು. ಅರಿವೆ, ಹಣ್ಣು, ಹೂವು ಸೆರಗಿನಲ್ಲಿ ಬಿದ್ದವು.

ಕೈ ಹಚ್ಚಿದೆಯೋ, ಕೆಟ್ಟೆ. ನನ್ನ ತಲೆಯಲ್ಲಿ ಹೊಡೆದುಕೊಂಡದ್ದು ಅದೊಂದೇ. ಛತ್ರಿ ಅಲ್ಲೇ ಬಿಟ್ಟು ಓಡಿದೆ.

"ಎಷ್ಟಂತ ಕೇಳಿದಿಯೇನು?"

"ಇಲ್ಲ," ಅಂದಳು ಅವ್ವ. ಆಕೆಯ ಮುಖ ಯಾವ ಥರ ಇತ್ತು ಅಂತ ನಾನು ನೋಡಲಿಲ್ಲ. ಹಿಂದಿಯಲ್ಲಿ ಅಂಗಡಿಯವಳನ್ನು ಕೇಳಿದೆ. ಆಕೆ ಬೆಲೆ ಹೇಳಿದಳು. ಯಾವ ರೂಪಾಯಿ ಅಂದೆ. ತಮ್ಮದೇ ಅಂದಳು. ನಾನು ಅರ್ಧ ಅಂದೆ. ಆಕೆ ನಕ್ಕು, ಕೈಮಗ್ಗ ಅಂತ ಕೈಯಿಂದ ಲಾಳಿ ಎಸೆದು ತೋರಿಸಿ, ತಲೆ ಅಲ್ಲಾಡಿಸಿದಳು.

"ಕೊಟ್ಟಬಿಡೋ," ಅಂದಳು ಅವ್ವ. "ಆಕಿ ಹೇಳಿದ್ದು ಬರೋಬ್ಬರಿ ಐತಿ. ನಾ ಎಳಿ ನೋಡೇನಿ. ಉಡ್ಯಾಗ ಬಿದ್ದದ್ದಕ್ಕ ಚೌಕಾಶಿ ಮಾಡಬಾರದು."

"ನೀ ಸುಮ್ನಿರು. ನಿನಗ ತಿಳಿಯೂದಿಲ್ಲ."

"ತಮ್ಮಾ, ಸಂಚಿ ಕೊಡು ಇಲ್ಲಿ."

ಇದನ್ನು ಆಕೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು. ಛತ್ರಿ ಅಂಗಡಿಯ ಮುಂದಿನಿಂದ ಮಾಸ್ತರರು, ಅವರ ಹೆಂಡತಿ, ಉಳಿದವರು ನಮ್ಮನ್ನೇ ನೋಡುತ್ತಿದ್ದರು. ನನ್ನ ಕಿವಿಯಲ್ಲಿ ಸೊಲ್ಲಾಪುರದ ನಗೆ ಕೇಳುತ್ತಿತ್ತು. ನಾನು ಅವ್ವನ ಸೆರಗಿನೊಳಗೆ ಕೈ ಹಾಕಿ ಅರಿವೆಯನ್ನು ಎತ್ತಿ ಹಲಿಗೆಯ ಮೇಲಿಟ್ಟೆ. ಹೂವು ಕೆಳಗೆ ಬಿತ್ತು. ಹಣ್ಣನ್ನೂ ಇಡಹೋದರೆ ಅಂಗಡಿಯವಳು ಬೇಡವೆಂದು ಕೈ ಅಡ್ಡ ಹಿಡಿದಳು. ಅವ್ವನ ರಟ್ಟೆ ಹಿಡಿದು ನಡೆದೆ.

ಹೆಜ್ಜೆ ಎಣಿಸುತ್ತಿದ್ದೆ. ಐದಕ್ಕೆ ಕರೆಯುತ್ತಾಳೆ ಅನಿಸಿತ್ತು. ಏಳಕ್ಕೆ ಬೆವರು ಬಂತು. ಹೆಜ್ಜೆ ಸಣ್ಣದು ಮಾಡಿದೆ. ಎಂಟು. ಒಂಬತ್ತು. ಹತ್ತಾಯಿತು. ಹಿಂದಿನಿಂದ ಸೈಕಲ್ಲಿನ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಬರೆದುಕೊಳ್ಳದ ಆ ಕೊನೆಯ ಮಾತು ಆಗ ನೆನಪಾಯಿತು, ಸುಮ್ಮನೆ ಹೊಳ್ಳಿ ಹೋಗಿ ತೆಗೆದುಕೊಳ್ಳಬೇಕು ಅಂತ. ಎದುರಿಗೆ ಮಾಸ್ತರರು ನಿಂತು ನೋಡುತ್ತಿದ್ದರು. ಹೊಳ್ಳಿದರೆ ಸೋತಂತೆ. ಹನ್ನೊಂದನೆಯ ಹೆಜ್ಜೆಯನ್ನೂ ಇಟ್ಟೆ, ಆಮೇಲೆ ಎಣಿಸಲಿಲ್ಲ. ಅವ್ವ ನನ್ನ ಹಿಂದೆ ಬಂದಳು. ಸೆರಗನ್ನು ಇನ್ನೂ ಒಂದು ಕೈಯಲ್ಲಿ ಮುದುಡಿ ಹಿಡಿದುಕೊಂಡಿದ್ದಳು, ಅದರಲ್ಲಿ ಹಣ್ಣಿತ್ತು.

ಬಸ್ಸು ಹೊರಟು ಘಟ್ಟ ಇಳಿಯತೊಡಗಿದ ಮೇಲೆ ಅವ್ವ ಆ ಕಿತ್ತಳೆ ಸುಲಿದಳು. ಮುಂದಿನ ಸೀಟಿನವರಿಗೆ, ಹಿಂದಿನ ಸೀಟಿನವರಿಗೆ ತೊಳೆ ಹಂಚಿದಳು. ನನಗೆ ಎರಡು ತೊಳೆ ಕೊಟ್ಟಳು. ನಾನು ತಿಂದೆ, ಹುಳಿಯಿತ್ತು. ಆಮೇಲೆ ಆಕೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ನಾನು ಸಂಚಿಯನ್ನು ಆಕೆಯ ತೊಡೆಯ ಮೇಲಿಟ್ಟೆ. ಆಕೆ ಕಣ್ಣು ತೆರೆಯಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಸ್ಸು ನಿಂತಾಗ ಮಾಸ್ತರರ ಹೆಂಡತಿ ನನ್ನನ್ನು ಬದಿಗೆ ಕರೆದರು. ಮೃದು ಸ್ವಭಾವದವರು, ಆದರೆ ಆವತ್ತು ಅವರ ದನಿ ಗಟ್ಟಿಯಿತ್ತು.

"ಮುಂಜಾನೆ ಏನ ಮಾಡಿದಿ ಗೊತ್ತೈತೇನಪಾ ನಿನಗ?"

"ಏನ್ರಿ ಅಕ್ಕಾರ? ಆಕಿ ದುಪ್ಪಟ್ಟ ಹೇಳಿದ್ಲು."

"ಆ ಮಾತ ಬಿಡು. ಇಳಕಲ್ ಸ್ಟ್ಯಾಂಡಿನ್ಯಾಗ ನಮಗೆಲ್ಲಾ ಉಡಿ ತುಂಬಿದ್ರು. ನಿಮ್ಮವ್ವ ನಮ್ಮ ಚೀಲಾ ಹಿಡಕೊಂಡ ನಿಂತಿದ್ಲು. ನಿಮ್ಮಪ್ಪ ಹೋದಾಗಿಂದ ಆಕಿ ಉಡ್ಯಾಗ ಒಂದ ಕಾಳ ಅಕ್ಕಿ ಬಿದ್ದಿಲ್ಲ. ಆ ಅಂಗಡ್ಯಾಕಿಗೆ ಅದೆಲ್ಲಾ ಏನ ಗೊತ್ತು? ತುಂಬಿದ್ಲು." ಅವರು ಸ್ವಲ್ಪ ತಡೆದರು. "ನೀ ತಗದಿ."

ಅಷ್ಟು ದೂರದಿಂದ ಕಾಠ್ಮಂಡು ಕಾಣುತ್ತಿರಲಿಲ್ಲ, ತಿರುವುಗಳಷ್ಟೇ ಕಾಣುತ್ತಿದ್ದವು. ಹೊಳ್ಳಿ ಹೋಗುವ ಬಸ್ಸು ಇದೆಯೇ ಅಂತ ಡ್ರೈವರನನ್ನು ಕೇಳಿದೆ. ಆತ ನಾನು ಏನೋ ಮರೆತು ಬಂದಿದ್ದೇನೆ ಅಂದುಕೊಂಡು, ಏನು ಬಿಟ್ಟು ಬಂದಿರಿ, ಬೆಲೆಯುಳ್ಳದ್ದೇ ಅಂತ ಕೇಳಿದ. ಗಡಿ ಬರುವತನಕ ಕೂತ ಕಡೆ ಕೂರಲಾಗಲಿಲ್ಲ. ಬಸ್ಸಿನ ನಡುವೆ ಕಂಬಿ ಹಿಡಿದು ನಿಂತೇ ಬಂದೆ. ಅವ್ವ ಎರಡು ಸಲ ಕರೆದಳು, "ಕುಂದರೋ, ಬಿದ್ದಗಿದ್ದೀ."

ಊರಿಗೆ ಬಂದ ಮೇಲೆ ಆಕೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಹೊಗಳಿದಳು. ನೋಡಲು ಬಂದವರಿಗೆಲ್ಲ ಹಿಮದ ಬೆಟ್ಟದ ಕಥೆ ಹೇಳಿ, ಕೊನೆಗೆ, "ನನ್ನ ಮಗ ಭಾರೀ ಹುಷಾರ ಆಗ್ಯಾನ ಬಿಡ್ರಿ. ಒಂದ ಪೈಸಾ ಮೋಸ ಹೋಗಗೊಡಲಿಲ್ಲ," ಅನ್ನುವಳು. ಚಹಾದಂಗಡಿಯಲ್ಲಿ ಸೊಲ್ಲಾಪುರದ ಗಂಟೆ ಕೇಳುವುದು ನಿಂತುಹೋಯಿತು. ನಾನು ಬಯಸಿದ್ದು ಅದೇ, ಸಿಕ್ಕಿತು. ಆದರೆ ಆ ಅಂಗಡಿಗೆ ಹೋಗುವುದನ್ನು ನಾನೇ ಬಿಟ್ಟೆ. ಸಂಚಿಯ ರೊಕ್ಕದಲ್ಲಿ ಅವ್ವ ನನ್ನ ಮದುವೆಗೆ ಪಾತ್ರೆ ಕೊಂಡಳು.

ತಪ್ಪನ್ನು ತಿದ್ದಲು ನಾನು ಮಾಡಿದ ಯತ್ನಗಳೂ ಹುಚ್ಚುಚ್ಚಾಗಿದ್ದವು. ಯಾರೋ ನೇಪಾಳಕ್ಕೆ ಹೊರಟಿದ್ದಾರೆ ಅಂತ ಕೇಳಿ ಶಿರೂರಿನ ತನಕ ಹೋಗಿ, ಕೆಂಪು ಕಪ್ಪು ಅರಿವೆ, ಇಂಥ ಪೇಟೆ, ಒಂದು ಮೆಟ್ಟಿಲು ಎತ್ತರದ ಹಲಿಗೆ ಅಂತ ಚಿತ್ರ ಬರೆದುಕೊಟ್ಟು ಬಂದೆ. ಅವರು ಒಂದು ಮಡಿಚುವ ಛತ್ರಿ ತಂದುಕೊಟ್ಟರು. ಗುಳೇದಗುಡ್ಡದ ಒಳ್ಳೆಯ ಖಣ ತಂದು ಅವ್ವನ ಮುಂದಿಟ್ಟೆ. ಆಕೆ ಬೆರಳಿನಲ್ಲಿ ತಿಕ್ಕಿ ನೋಡಿ ಛಲೋ ಐತಿ ಅಂದಳು, ಮರುದಿನ ಅದನ್ನು ನನ್ನ ಹೆಂಡತಿಗೆ ಕುಬಸ ಹೊಲಿಸಲು ಕೊಟ್ಟಳು. ಕ್ಷಮಿಸು ಅಂತ ಬಾಯಿಬಿಟ್ಟು ಹೇಳಬಹುದಿತ್ತು. ನಮ್ಮ ಮನೆಯಲ್ಲಿ ತಾಯಿ ಮಗನ ನಡುವೆ ಆ ಶಬ್ದ ಬಳಕೆಯಲ್ಲಿರಲಿಲ್ಲ, ಮೊದಲು ಯಾರು ತರಬೇಕು ಅಂತಲೂ ಗೊತ್ತಿರಲಿಲ್ಲ.

ಐದಾರು ವರ್ಷಗಳ ಮೇಲೆ ನನಗೆ ಬಾದಾಮಿಗೆ ವರ್ಗವಾಯಿತು. ಅವ್ವನಿಗೆ ಕಣ್ಣು ಮಂಜಾಗಿ ರಾಟಿ ನಿಂತಿತ್ತು, ನಮ್ಮ ಜೊತೆಗೇ ಬಂದಳು. ಬಾದಾಮಿಯಲ್ಲಿ ಪರದೇಶದವರು ದಿನವೂ ಕಾಣುತ್ತಿದ್ದರು. ಕೈಯಲ್ಲಿ ಒಂದು ದಪ್ಪ ಪುಸ್ತಕ, ಹೆಗಲಿಗೆ ಚೀಲ, ಹೊಟ್ಟೆಗೆ ಕಟ್ಟಿಕೊಂಡ ರೊಕ್ಕದ ಪಟ್ಟಿ. ಗುಹೆಗಳ ಕೆಳಗೆ ಟಾಂಗಾದವರು, ಎಳನೀರಿನವರು ಅವರಿಗೆ ಮೂರುಪಟ್ಟು ಹೇಳುವುದನ್ನೂ, ಅವರು ಪುಸ್ತಕ ತೆರೆದು ನೋಡಿ ತಲೆ ಅಲ್ಲಾಡಿಸುವುದನ್ನೂ ಕಚೇರಿಗೆ ಹೋಗುತ್ತ ಬರುತ್ತ ನೋಡುತ್ತಿದ್ದೆ. ಪ್ರತಿ ಸಲ ನನಗೆ ಏನೋ ಚುಚ್ಚುತ್ತಿತ್ತು, ನಡೆಯುವುದು ಬಿರುಸಾಗುತ್ತಿತ್ತು.

ಒಂದು ರವಿವಾರ ಅವ್ವ ಬನಶಂಕರಿಗೆ ಹೋಗಬೇಕು ಅಂದಳು. ಇಬ್ಬರೇ ಹೋದೆವು. ದೇವಿಗೆ ಉಡಿ ತುಂಬಿಸಲು ಒಂದು ಖಣ, ತೆಂಗಿನಕಾಯಿ ಕೊಂಡಳು, ಈ ಸಲ ತನ್ನ ಸೊಂಟದ ಸಂಚಿಯಿಂದಲೇ. ಗುಡಿಯಲ್ಲಿ ಗದ್ದಲವಿತ್ತು. ಸ್ವಲ್ಪ ತಡೆದು ಹೋಗೋಣ ಅಂತ ಹೊಂಡದ ದಂಡೆಯ ಮಂಟಪದ ನೆರಳಿಗೆ ಬಂದೆವು. ಬುಟ್ಟಿಯಲ್ಲಿ ರೊಟ್ಟಿ, ಮೊಸರು ಮಾರುವ ಹೆಂಗಸರ ಹತ್ತಿರ ಕೊಂಡು ಉಂಡೆವು. ಅಲ್ಲೇ ಮೆಟ್ಟಿಲ ಮೇಲೆ ಒಬ್ಬ ಬಿಳಿಯ ಹುಡುಗಿ ಒಬ್ಬಳೇ ಕೂತಿದ್ದಳು. ಇಪ್ಪತ್ತೈದು ಇರಬಹುದು. ಬಿಸಿಲಿಗೆ ಮುಖ ಕೆಂಪಾಗಿತ್ತು, ಬದಿಗಿಟ್ಟ ಚೀಲದಿಂದ ಅಂಥದೇ ದಪ್ಪ ಪುಸ್ತಕ ಇಣುಕುತ್ತಿತ್ತು. ನೀರನ್ನೇ ನೋಡುತ್ತಿದ್ದಳು, ಅತ್ತಿದ್ದಳೋ ಏನೋ, ಮೂಗು ಒರೆಸಿಕೊಳ್ಳುತ್ತಿದ್ದಳು.

"ಒಬ್ಬಾಕಿನ ಬಂದಾಳೇನೋ ಈಕಿ?" ಅಂದಳು ಅವ್ವ.

"ಇರಬೇಕು."

"ದೇಶಾ ದಾಟಿ ಬಂದ ಹೆಣ್ಣಮಗಳು. ಬರಿ ಉಡೀಲೆ ಹೊಳ್ಳಿ ಕಳಸಬಾರದು."

ನಾನು ಏನನ್ನಾದರೂ ಹೇಳುವ ಮೊದಲೇ ಎದ್ದು ಹೋದಳು. ಹುಡುಗಿಯ ಮುಂದೆ ನಿಂತು, ಖಣದ ಮೇಲೆ ತೆಂಗಿನಕಾಯಿ ಇಟ್ಟು, ಎರಡೂ ಕೈಯಿಂದ ಚಾಚಿದಳು. ಹುಡುಗಿ ಬೆಚ್ಚಿ ನೋಡಿದಳು. ಒಂದು ಕೈ ಹೊಟ್ಟೆಯ ಪಟ್ಟಿಯ ಮೇಲೆ ಹೋಯಿತು. "ನೋ, ನೋ," ಅಂತ ನಗುತ್ತಲೇ ಅಂದು, ನಮ್ಮ ಹಾಗೆ ಕೈ ಮುಗಿದು ಎದ್ದಳು. ಅವ್ವ ಇನ್ನೊಂದು ಹೆಜ್ಜೆ ಮುಂದೆ ಇಟ್ಟಳು. ಹುಡುಗಿ ಚೀಲ ಎತ್ತಿಕೊಂಡು ನಡೆದಳು.

ನಾನು ಹಿಂದೆ ಓಡಿದೆ. ನನ್ನ ಹರಕು ಇಂಗ್ಲಿಷಿನಲ್ಲಿ, ರೊಕ್ಕ ಬೇಡ, ಬೆಲೆ ಇಲ್ಲ, ಆಕೆ ನನ್ನ ತಾಯಿ ಅಂತ ಕೂಗಿದೆ. ಬೆಲೆ ಇಲ್ಲ ಅಂದದ್ದೇ ಆಕೆಗೆ ಹೆಚ್ಚು ಭಯವಾಯಿತೆಂದು ಕಾಣುತ್ತದೆ. ಹೊಳ್ಳಿ ನೋಡದೆ ಬಿರುಸಾಗಿ ನಡೆದು, ನಿಂತಿದ್ದ ಟಾಂಗಾ ಹತ್ತಿ ಹೋದಳು. ಟಾಂಗಾದವನಿಗೆ ಎಷ್ಟು ಅಂತ ಕೇಳಲೂ ಇಲ್ಲ.

ಏದುಸಿರು ಬಿಡುತ್ತ ವಾಪಸು ಬಂದಾಗ ಅವ್ವ ಆ ಹುಡುಗಿ ಕೂತಿದ್ದ ಮೆಟ್ಟಿಲ ಮೇಲೆಯೇ ಕೂತಿದ್ದಳು. ಖಣ, ಕಾಯಿ ಬದಿಗಿದ್ದವು.

"ಸಿಟ್ಟಾಗಬ್ಯಾಡಬೇ. ಆಕಿಗೆ ತಿಳೀಲಿಲ್ಲ," ಅಂದೆ.

"ಸಿಟ್ಟ ಯಾಕ? ಪಾಪ, ಆಕಿಗೂ ಯಾರೋ ಬರದ ಕೊಟ್ಟಾರ," ಅಂದಳು. ನನ್ನ ಕಡೆ ನೋಡಲಿಲ್ಲ. "ಆಕಿಗೆ ಬುಕ್ಕಿನ್ಯಾಗ ಐತಿ. ನನ್ನ ಸಂಗಾಟ ಮಗನ ಬಂದಿದ್ದಾ."

ಅಷ್ಟು ವರ್ಷಗಳಲ್ಲಿ ಕಾಠ್ಮಂಡುವಿನ ಆ ಬೆಳಗಿನ ಬಗ್ಗೆ ಆಕೆ ನನಗೆ ಆಡಿದ ಮಾತು ಅದೊಂದೇ. ನನಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ರೊಟ್ಟಿ ಮಾರುವವರು, ಸ್ನಾನಕ್ಕೆ ಬಂದವರು ಸುತ್ತಲೂ ಇದ್ದರು. ಗಂಡಸರು ಉಡಿ ತುಂಬುವುದಿಲ್ಲ, ಅದು ನನಗೂ ಗೊತ್ತು. ಆದರೂ ಬಗ್ಗಿ ಖಣವನ್ನೂ ಕಾಯಿಯನ್ನೂ ಎತ್ತಿಕೊಂಡೆ, ಕಾಯಿಯನ್ನು ಖಣದ ಮೇಲಿಟ್ಟು, ಎರಡೂ ಕೈಯಿಂದ ಆಕೆಯ ಮುಂದೆ ಹಿಡಿದೆ.

"ಹಿಡಿಬೇ," ಅಂದೆ.

ಅವ್ವ ಖಣ ನೋಡಿದಳು, ನನ್ನ ಮುಖ ನೋಡಿದಳು. ಆಕೆಯ ಕೈ ಸೆರಗಿನ ತುದಿಯ ತನಕ ಹೋಯಿತು. ಅಲ್ಲೇ ನಿಂತಿತು.

"ಎಷ್ಟಂತ ಮೊದಲ ಹೇಳು," ಅಂದಳು ನಗುತ್ತ.

ಆಕೆ ತೆಂಗಿನಕಾಯಿಯನ್ನು ಎತ್ತಿಕೊಂಡು, ಒಬ್ಬರ ಮುಂದೆ ಹಿಡಿದದ್ದು ಇನ್ನು ದೇವಿಗೆ ನಡೆಯುವುದಿಲ್ಲ, ಸಂಜೆ ಚಟ್ನಿಗೆ ಆದೀತು ಅಂತ ಚೀಲಕ್ಕೆ ಹಾಕಿದಳು. ಮೊಣಕಾಲಿಗೆ ಕೈ ಊರಿ ಎದ್ದು ಬಸ್ಸಿನ ಕಡೆ ನಡೆದಳು. ಖಣ ನನ್ನ ಕೈ ಮೇಲೆಯೇ ಉಳಿಯಿತು.